ಬಿಟ್ಟು ಹೋದ ಮಕ್ಕಳ ಬಗ್ಗೆ ಕೇಳಿ: ಬೀದರ್, ಭಾಲ್ಕಿ, ಔರಾದಿನ ಪಾಲಕರಿಗೊಂದು ಬಹಿರಂಗ ಪತ್ರ

ಬೀದರ್, ಭಾಲ್ಕಿ, ಔರಾದಿನ ಪಾಲಕ ಬಂಧುಗಳಿಗೆ,



ಪರೀಕ್ಷೆ ಮುಗಿಯುವ ಹೊತ್ತಿಗೆ ಬೀದರಿನ ಅಂಬೇಡ್ಕರ್ ವೃತ್ತದಿಂದ ಹಿಡಿದು ಭಾಲ್ಕಿ, ಔರಾದಿನ ಬಸ್ ನಿಲ್ದಾಣಗಳವರೆಗೆ ಎರಡು ಬಗೆಯ ಬ್ಯಾನರ್‌ಗಳು ಏಳುತ್ತವೆ. ಒಂದು ನೀಟ್, ಸಿಇಟಿ ಕೋಚಿಂಗಿನದು. ಇನ್ನೊಂದು ಬೇಸಿಗೆ ಕ್ರೀಡಾ ಶಿಬಿರದ್ದು: ಕ್ರಿಕೆಟ್, ಕರಾಟೆ, ಸ್ಕೇಟಿಂಗ್, ಬ್ಯಾಡ್ಮಿಂಟನ್. ಮೊದಲನೆಯದರ ವಿಷಯಕ್ಕೆ ಬಂದರೆ ನಾವು ಬಹಳ ಎಚ್ಚರದ ಜನ. ನೀಟ್ ಓದಲು ಹೊರ ರಾಜ್ಯಗಳ ಮಕ್ಕಳೂ ಬೀದರಿಗೆ ಬರುತ್ತಾರೆ, ಹಾಗಾಗಿ ಏನೇನು ಕೇಳಬೇಕೆಂಬುದು ನಮಗೆ ರೂಢಿಯಾಗಿದೆ. ಹೋದ ವರ್ಷ ಎಷ್ಟು ಸರ್ಕಾರಿ ಸೀಟು ಬಂದವು, ಫಿಸಿಕ್ಸ್ ಯಾರು ಹೇಳುತ್ತಾರೆ, ಹಾಸ್ಟೆಲಿನಲ್ಲಿ ರಾತ್ರಿ ಯಾರಿರುತ್ತಾರೆ, ಊಟ ಹೇಗೆ ಎಂದೆಲ್ಲ ಕೇಳುತ್ತೇವೆ. ಅಲ್ಲಿ ಓದಿದ ಹುಡುಗನ ಮನೆಗೂ ಹೋಗಿ ವಿಚಾರಿಸಿ ಬರುತ್ತೇವೆ. ಎರಡನೆಯ ಬ್ಯಾನರಿನ ವಿಷಯಕ್ಕೆ ಬಂದರೆ ಫೀಸು ಎಷ್ಟು, ಟೈಮ್ ಎಷ್ಟು ಎಂಬ ಎರಡೇ ಪ್ರಶ್ನೆ. ಕೊರಳಲ್ಲಿ ಸೀಟಿ, ಮೈಮೇಲೆ ಟ್ರ್ಯಾಕ್‌ಸೂಟ್, ಮೊಬೈಲಿನಲ್ಲಿ ಪದಕ ಹಿಡಿದ ಮಕ್ಕಳ ಫೋಟೊ ಇಷ್ಟಿದ್ದರೆ ಸಾಕು, ಹತ್ತು ವರ್ಷದ ಕೂಸನ್ನು ಬೆಳಿಗ್ಗೆ ಆರಕ್ಕೆ ಆ ಮನುಷ್ಯರ ಕೈಗೆ ಒಪ್ಪಿಸಿ ಬರುತ್ತೇವೆ.

ನಾನೂ ನಿಮ್ಮಂತೆ ಒಬ್ಬ ಪಾಲಕ. ಕೋಚ್‌ಗಳ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಸರಿಯಾದ ಸಂಬಳವಿಲ್ಲದೆ, ಕೈಯಿಂದ ದುಡ್ಡು ಹಾಕಿ ಚೆಂಡು ತಂದು ಮಕ್ಕಳನ್ನು ಆಡಿಸುವವರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಅಂಥವರನ್ನು ಗುರುತಿಸುವ ಕಣ್ಣು ನಮಗೆ ಬರಬೇಕು, ಬರಿಯ ಪ್ರಚಾರದವರ ಕೈಗೆ ಮಕ್ಕಳು ಸಿಗಬಾರದು. ನನ್ನ ಕಳಕಳಿ ಇಷ್ಟೇ.

ಕೋಚ್ ಗೆದ್ದ ಮಕ್ಕಳ ಫೋಟೊ ತೋರಿಸಿದಾಗ ನೋಡಿ, ಸಂತೋಷಪಡಿ. ಆಮೇಲೆ ಒಂದು ಮಾತು ಕೇಳಿ: “ಸರ್, ಎರಡು ವರ್ಷದ ಹಿಂದೆ ನಿಮ್ಮ ಹತ್ತಿರ ಸೇರಿದ ಮಕ್ಕಳಲ್ಲಿ ಈಗ ಎಷ್ಟು ಮಂದಿ ಆಡ್ತಿದ್ದಾರ್ರಿ? ಬಿಟ್ಟವರು ಯಾಕ ಬಿಟ್ಟರು?” ಒಳ್ಳೆಯ ಕೋಚ್‌ಗೆ ಬಿಟ್ಟು ಹೋದವರು ಹೆಸರು ಹೆಸರಾಗಿ ನೆನಪಿರುತ್ತಾರೆ. ಒಬ್ಬನ ತಂದೆಗೆ ವರ್ಗವಾಯಿತು, ಒಬ್ಬಳನ್ನು ಹತ್ತನೇ ತರಗತಿ ಬಂತೆಂದು ಮನೆಯವರು ಬಿಡಿಸಿದರು, ಇನ್ನೊಬ್ಬನಿಗೆ ಮೊಣಕಾಲು ನೋವಿತ್ತು, ನಾನೇ ಆರು ತಿಂಗಳು ಬೇಡ ಎಂದೆ, ಮತ್ತೆ ಬರಲಿಲ್ಲ ಎಂದು ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಬೇಸರವೂ ಇರುತ್ತದೆ. “ಅವರಿಗೆ ದಮ್ ಇರಲಿಲ್ಲ, ಓಡಿ ಹೋದರು” ಎಂಬ ಉತ್ತರ ಬಂದರೆ ಅದೂ ಉತ್ತರವೇ. ಅಸಾಧಾರಣ ಹುಡುಗ ಯಾರ ಕೈಯಲ್ಲಿದ್ದರೂ ಒಂದಿಷ್ಟು ಮುಂದೆ ಹೋಗುತ್ತಾನೆ. ನಮ್ಮ ನಿಮ್ಮ ಮಕ್ಕಳಂಥ ಸಾಧಾರಣ ಮಕ್ಕಳನ್ನು ಮೂರು ವರ್ಷ ಮೈದಾನದಲ್ಲಿ ಉಳಿಸಿಕೊಳ್ಳುವುದರಲ್ಲೇ ಕೋಚ್‌ನ ಕಸುಬು ಕಾಣುವುದು.

ಅಂಥ ಕಸುಬು ಬಲ್ಲ ಒಬ್ಬರ ಮಾತು ಹೇಳುತ್ತೇನೆ. 1956ರ ನವೆಂಬರ್ 1ರವರೆಗೆ ಬೀದರ್ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ಆ ರಾಜ್ಯದ ರಾಜಧಾನಿಯಲ್ಲಿ ಆಗ ಸೈಯದ್ ಅಬ್ದುಲ್ ರಹೀಂ ಎಂಬ ಶಾಲಾ ಮಾಸ್ತರರೊಬ್ಬರಿದ್ದರು. ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೂ ಆಮೇಲೆ ಭಾರತ ತಂಡಕ್ಕೂ ಫುಟ್‌ಬಾಲ್ ಕೋಚ್ ಆದರು. ಅವರ ಕೈಕೆಳಗೆ ಭಾರತ 1951ರಲ್ಲೂ 1962ರಲ್ಲೂ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. 2024ರಲ್ಲಿ ಅಜಯ್ ದೇವಗನ್ ‘ಮೈದಾನ್’ ಸಿನಿಮಾದಲ್ಲಿ ಮಾಡಿದ್ದು ಇವರದೇ ಪಾತ್ರ. ರಹೀಂ ಸಾಹೇಬರ ಪದಕಗಳಿಗಿಂತ ಅವರು ನಡೆಸುತ್ತಿದ್ದ ಒಂದು ಬಗೆಯ ಪಂದ್ಯಾವಳಿ ನನಗೆ ಹೆಚ್ಚು ಇಷ್ಟ. ಆಟಗಾರ ತನಗೆ ರೂಢಿಯಿಲ್ಲದ ಕಾಲಿನಿಂದ ಮಾತ್ರ ಚೆಂಡು ಒದೆಯಬೇಕು, ಬಲಗಾಲಿನವನು ಎಡಗಾಲಿನಿಂದ, ಎಡಗಾಲಿನವನು ಬಲಗಾಲಿನಿಂದ. ಅಂಥ ಆಟದಲ್ಲಿ ಶೂರನೂ ಹೊಸಬನೂ ಒಂದೇ ಸಾಲಿಗೆ ಬರುತ್ತಾರೆ. ತಪ್ಪು ಮಾಡಲು ಎಲ್ಲರಿಗೂ ಪರವಾನಗಿ ಸಿಗುತ್ತದೆ. ಗೆದ್ದವರು ಯಾರೆಂಬುದು ಮರುದಿನಕ್ಕೆ ಮರೆತು ಹೋಗುತ್ತದೆ, ಕಾಲು ಕಲಿತದ್ದು ಮಾತ್ರ ಉಳಿಯುತ್ತದೆ. ಕಲಿಕೆಗೆ ಹೀಗೆ ದಾರಿ ಹುಡುಕುವ ಬುದ್ಧಿ ನಿಮ್ಮ ಮಗುವಿನ ಕೋಚ್‌ಗೆ ಇದೆಯೇ ಎಂದು ನೋಡಿ.

ನೋಡಬೇಕೆಂದರೆ ಮೈದಾನಕ್ಕೆ ಹೋಗಬೇಕು. ನೆಹರು ಕ್ರೀಡಾಂಗಣವಿರಲಿ, ಶಾಲೆಯ ಬಯಲಿರಲಿ, ಹೆಸರು ಬರೆಸುವ ಮೊದಲು ಒಂದು ಗಂಟೆ ಬದಿಯಲ್ಲಿ ಕೂರಿ. ಮೂವತ್ತು ಮಕ್ಕಳ ಸಾಲು ನಿಲ್ಲಿಸಿ ಒಬ್ಬನಿಗೆ ಬ್ಯಾಟು ಕೊಟ್ಟು ಉಳಿದವರನ್ನು ಚೆಂಡು ಹೆಕ್ಕಲು ಬಿಟ್ಟಿದ್ದರೆ, ನಿಮ್ಮ ಮಗನಿಗೆ ಆ ಗಂಟೆಯಲ್ಲಿ ಸಿಗುವುದು ಎರಡು ನಿಮಿಷದ ಆಟ. ಅದೇ ಮೂವತ್ತು ಮಕ್ಕಳನ್ನು ಆರು ಗುಂಪು ಮಾಡಿ, ಐದು ರೂಪಾಯಿಯ ಪ್ಲಾಸ್ಟಿಕ್ ಚೆಂಡಿನಿಂದಲಾದರೂ ಎಲ್ಲರ ಕೈಗೂ ಕೆಲಸ ಕೊಡುವವರೂ ಇದ್ದಾರೆ. ಮುಂದಿನ ಸಾಲಿನ ಚುರುಕು ಹುಡುಗನನ್ನು ಬಿಟ್ಟು ಹಿಂದಿನ ಸಾಲಿನ ದಪ್ಪ ಹುಡುಗನ ಮೇಲೆ, ಕ್ಯಾಚ್ ಬಿಟ್ಟ ಹುಡುಗಿಯ ಮೇಲೆ ಕಣ್ಣಿಡಿ. ಕೋಚ್ ಅವರನ್ನು ಹೆಸರು ಹಿಡಿದು ಕರೆಯುತ್ತಾರೋ, “ಏ ಮೋಟು” ಎನ್ನುತ್ತಾರೋ? ಕ್ಯಾಚ್ ಬಿಟ್ಟಾಗ ಬೈಯುತ್ತಾರೋ, ಹತ್ತಿರ ಹೋಗಿ ಅಂಗೈ ಹೀಂಗ ಇಡು ಎಂದು ತೋರಿಸುತ್ತಾರೋ? ಒಂದು ಗಂಟೆಯಲ್ಲಿ ಇಷ್ಟು ಗೊತ್ತಾಗುತ್ತದೆ. ಪಾಲಕರು ಬಂದು ಕೂರುವುದನ್ನೇ ಬೇಡ ಎನ್ನುವ ಶಿಬಿರಕ್ಕೆ ಮಗುವನ್ನು ಕಳಿಸಲೇಬೇಡಿ.

ನಮ್ಮಲ್ಲಿ ಇಂಡೋರ್ ಹಾಲ್ ಇಲ್ಲ, ಸಿಂಥೆಟಿಕ್ ಟ್ರ್ಯಾಕ್ ಇಲ್ಲ, ಬೆಂಗಳೂರಿನಿಂದ 700 ಕಿಲೋಮೀಟರ್ ದೂರ ಇದ್ದೇವೆ, ಇಲ್ಲಿ ಎಂಥ ಕೋಚಿಂಗ್ ಎನ್ನುವವರಿಗೆ ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆಯವರ ಕತೆ ಹೇಳಬೇಕು. ಅವರು ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲಿನಲ್ಲಿ. ಮದುವೆ ಇದ್ದ ದಿನ ಆಟವಿಲ್ಲ. ಮೊದಲ ಗುರು ತಂದೆ ರಮೇಶ್ ಪಡುಕೋಣೆ. 1962ರಲ್ಲಿ ರಾಜ್ಯ ಜೂನಿಯರ್ ಟೂರ್ನಿಗೆ ಇಳಿದ ಏಳು ವರ್ಷದ ಹುಡುಗ ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷದ ಮೇಲೆ ಅದೇ ಪ್ರಶಸ್ತಿ ಗೆದ್ದ. 1980ರಲ್ಲಿ ಆಲ್ ಇಂಗ್ಲೆಂಡ್ ಚಾಂಪಿಯನ್ ಆದ. 1962ರ ಆ ಸೋಲು ನೋಡಿ ಯಾರಾದರೂ ಹುಡುಗನನ್ನು ಬಿಡಿಸಿದ್ದರೆ ಏನಾಗುತ್ತಿತ್ತು? ಮೂರು ತಿಂಗಳಲ್ಲಿ ಜಿಲ್ಲಾ ಮಟ್ಟಕ್ಕೆ ಒಯ್ಯುತ್ತೇನೆ ಎಂದು ಮಾತು ಕೊಡುವ ಕೋಚ್‌ಗಿಂತ, ಎರಡು ವರ್ಷ ಸುಮ್ಮನೆ ಆಡಲಿ ಬಿಡ್ರಿ ಎನ್ನುವವರ ಮಾತಿಗೆ ಬೆಲೆ ಹೆಚ್ಚು.

ಅರ್ಹತೆಯ ಕಾಗದ ಕೇಳಬಾರದೇ? ಕೇಳಿ, ಸಂಕೋಚ ಬೇಡ. 1961ರಲ್ಲಿ ಶುರುವಾದ ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಮಾಡಿದವರನ್ನು ನಾವು ‘ಎನ್‌ಐಎಸ್ ಕೋಚ್’ ಎನ್ನುತ್ತೇವೆ. ಅದೇ ಸಂಸ್ಥೆಯ ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ, ಎರಡೂ ಒಂದಲ್ಲ. ಬಿ.ಪಿ.ಇಡಿ ದೈಹಿಕ ಶಿಕ್ಷಕರ ಪದವಿ. ಕ್ರಿಕೆಟ್, ಫುಟ್‌ಬಾಲ್, ಅಥ್ಲೆಟಿಕ್ಸ್ ಸಂಸ್ಥೆಗಳಿಗೆ ತಮ್ಮ ತಮ್ಮದೇ ಲೆವೆಲ್‌ಗಳ ಕೋರ್ಸುಗಳಿವೆ. ನಮ್ಮ ಊರಿನ ಎಷ್ಟೋ ಒಳ್ಳೆಯ ಉಸ್ತಾದರ ಬಳಿ ಇದಾವುದೂ ಇಲ್ಲ ಎಂಬುದೂ ನಿಜ. ಕಾಗದವಿಲ್ಲದವರನ್ನು ತಳ್ಳಿಹಾಕಬೇಡಿ, ಇಲ್ಲದ ಕಾಗದ ಇದೆ ಎಂದು ಹೇಳುವವರನ್ನು ಮಾತ್ರ ದೂರ ಇಡಿ.

ಕಾಗದದ ಮಾತು ಬಂತು, ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ವಿಷಯವೊಂದಿದೆ. ಸಣ್ಣ ಊರುಗಳ ಪಾಲಕರು ಹೆಚ್ಚು ಮೋಸ ಹೋಗುವುದು ‘ನ್ಯಾಷನಲ್’ ಎಂಬ ಹೆಸರಿಗೆ. ನಿಮ್ಮ ಮಗ ನ್ಯಾಷನಲ್‌ಗೆ ಸೆಲೆಕ್ಟ್ ಆಗಿದ್ದಾನೆ, ಗೋವಾಕ್ಕೆ ಹೋಗಬೇಕು, ಇಷ್ಟು ಸಾವಿರ ಕೊಡಿ ಎನ್ನುತ್ತಾರೆ. ಮರುವರ್ಷ ಇಂಟರ್‌ನ್ಯಾಷನಲ್, ನೇಪಾಳಕ್ಕೆ, ಇನ್ನೂ ಹೆಚ್ಚು ಸಾವಿರ. ಮಗು ಚಿನ್ನದ ಪದಕ ಹಾಕಿಕೊಂಡು ಬರುತ್ತದೆ. ಊರಲ್ಲಿ ಮೆರವಣಿಗೆ, ಹಾರ, ಪತ್ರಿಕೆಯಲ್ಲಿ ಫೋಟೊ. ತಾಯಿ ಕಿವಿಯ ಬೆಂಡೋಲೆ ಅಡವಿಟ್ಟು ಹಣ ಹೊಂದಿಸಿರುತ್ತಾಳೆ. ಪಿಯುಸಿ ಮುಗಿದು ಕ್ರೀಡಾ ಕೋಟಾದ ಸೀಟಿಗೆ ಆ ಸರ್ಟಿಫಿಕೇಟ್ ಒಯ್ದಾಗ, ಈ ಫೆಡರೇಷನ್‌ಗೆ ಮಾನ್ಯತೆಯೇ ಇಲ್ಲ ಎಂಬ ಉತ್ತರ ಸಿಗುತ್ತದೆ. ಹುಡುಗ ಮೋಸ ಮಾಡಿಲ್ಲ, ಬೆವರು ಸುರಿಸಿ ಆಡಿದ್ದಾನೆ. ಎದುರಿಗಿದ್ದವರೂ ಅವನಂತೆಯೇ ಹಣ ಕಟ್ಟಿ ಬಂದ ಮಕ್ಕಳು ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಇದನ್ನು ತಡೆಯಲು ದೊಡ್ಡ ಜ್ಞಾನವೇನೂ ಬೇಕಾಗಿಲ್ಲ. ಕೇಂದ್ರ ಕ್ರೀಡಾ ಸಚಿವಾಲಯ ಮಾನ್ಯ ಮಾಡಿದ ರಾಷ್ಟ್ರೀಯ ಫೆಡರೇಷನ್‌ಗಳ ಪಟ್ಟಿ ಇದೆ. ಟೂರ್ನಿ ನಡೆಸುವವರ ಹೆಸರು ಅದರಲ್ಲಿದೆಯೇ ಎಂದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಶಾಲಾ ಕ್ರೀಡೆಯ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ: ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರ. ಒಂದೊಂದು ಹಂತದಲ್ಲೂ ಯಾರನ್ನಾದರೂ ಸೋಲಿಸಿಯೇ ಮುಂದೆ ಹೋಗಬೇಕು. ಯಾರನ್ನೂ ಸೋಲಿಸದೆ ನೇರ ನ್ಯಾಷನಲ್‌ಗೆ ಆಯ್ಕೆಯಾದರೆ ಸಂಶಯಪಡಿ. ಕ್ರಿಕೆಟ್‌ನಲ್ಲಿ ನಮ್ಮ ಜಿಲ್ಲೆ ಬರುವುದು ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯಕ್ಕೆ. ವಯೋಮಿತಿ ತಂಡಗಳ ಟ್ರಯಲ್ಸ್ ಯಾವಾಗ, ಎಲ್ಲಿ ಎಂದು ತಿಳಿದು ಮಕ್ಕಳನ್ನು ಕರೆದುಕೊಂಡು ಹೋಗುವವರು ಕೆಲಸ ಗೊತ್ತಿದ್ದವರು. ಇಷ್ಟು ಕೊಡಿ, ಸೆಲೆಕ್ಷನ್ ಮಾಡಿಸುತ್ತೇನೆ ಎನ್ನುವವರ ಹತ್ತಿರ ಮಗುವನ್ನು ಇನ್ನೊಂದು ದಿನವೂ ಕಳಿಸಬೇಡಿ. ಆಧಾರ್‌ನಲ್ಲಿ ವಯಸ್ಸು ಎರಡು ವರ್ಷ ಕಡಿಮೆ ಮಾಡಿಸಿ ಎನ್ನುವವರದೂ ಅದೇ ಜಾತಿ. 16ರೊಳಗಿನ ಕ್ರಿಕೆಟ್‌ಗೆ ಬಿಸಿಸಿಐ ಮಣಿಕಟ್ಟಿನ ಎಲುಬಿನ ಎಕ್ಸ್‌ರೇ ತೆಗೆಸಿ ವಯಸ್ಸು ಅಳೆಯುತ್ತದೆ. ಸಿಕ್ಕಿಬಿದ್ದಾಗ ಶಿಕ್ಷೆ ಹುಡುಗನಿಗೆ, ಸಲಹೆ ಕೊಟ್ಟವರು ಬೇರೆ ಹುಡುಗನನ್ನು ಹುಡುಕಿಕೊಂಡಿರುತ್ತಾರೆ.

ಇನ್ನು ಮಕ್ಕಳ ಮೈ. ಬೆಳೆಯುವ ಎಲುಬು ದೊಡ್ಡವರ ಎಲುಬಿನಂತಲ್ಲ. ಹತ್ತರಿಂದ ಹದಿನೈದರ ಮಕ್ಕಳಿಗೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ, ಅದಕ್ಕೆ ಮೊದಲ ಮದ್ದೇ ಓಟ ಜಿಗಿತ ಕಡಿಮೆ ಮಾಡುವುದು. ಓಡಿದರೆ ತಾನೇ ಹೋಗುತ್ತೆ ಎನ್ನುವ ಕೋಚ್‌ಗಿಂತ, ಬ್ರಿಮ್ಸ್ ಆಸ್ಪತ್ರೆಗೆ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿ ಬನ್ನಿ, ಅಲ್ಲಿಯವರೆಗೆ ಇವನು ಸ್ಕೋರ್ ಬರೆಯಲಿ ಎನ್ನುವವರು ನಿಮ್ಮ ಮಗುವಿನ ಹಿತ ಬಲ್ಲವರು. ಅಮೆರಿಕದ ಮಕ್ಕಳ ತಜ್ಞರ ಸಂಘ 2016ರಲ್ಲಿ ಕೊಟ್ಟ ಸಲಹೆ ನಮ್ಮ ಮಕ್ಕಳಿಗೂ ಹೊಂದುತ್ತದೆ: ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಒಂದು ಆಟದಿಂದ ದೂರ, ಹದಿನೈದು ಹದಿನಾರು ತುಂಬುವವರೆಗೆ ಒಂದೇ ಆಟಕ್ಕೆ ಕಟ್ಟಿಹಾಕುವುದು ಬೇಡ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 13ರೊಳಗಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10 ಓವರ್ ಎಂದು ಮಿತಿ ಹಾಕಿತ್ತು. ನಮ್ಮಲ್ಲಿ ಜೋರಾಗಿ ಬೌಲ್ ಮಾಡುವ ಹುಡುಗ ಸಿಕ್ಕರೆ ನೆಟ್ಸ್‌ನಲ್ಲಿ ಬೆಳಗಿನಿಂದ ಅವನದೇ ಕೈ. ಯಾರ ಓವರನ್ನು ಯಾರು ಎಣಿಸುತ್ತಿದ್ದಾರೆ ಎಂದು ಕೇಳಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಎಂಟೂವರೆಯ ಮೇಲೆ ಶಿಬಿರ ಮುಂದುವರಿದರೆ, ನೀರು ಕುಡಿದರೆ ಹೊಟ್ಟೆ ಭಾರವಾಗುತ್ತದೆಂದು ಮಕ್ಕಳನ್ನು ತಡೆದರೆ, ಅದನ್ನು ಶಿಸ್ತು ಎಂದು ಕರೆಯಬೇಡಿ, ಅದು ಅಪಾಯ. ನೆರಳಿನಲ್ಲಿ ನೀರಿನ ಕ್ಯಾನು, ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ, ತಲೆಗೆ ಪೆಟ್ಟು ಬಿದ್ದ ಮಗುವನ್ನು ಆ ದಿನ ಮತ್ತೆ ಆಡಿಸದ ನಿಯಮ, 108ಕ್ಕೆ ಯಾರು ಫೋನ್ ಮಾಡುತ್ತಾರೆ ಎಂಬ ತಿಳಿವು ಇಷ್ಟಾದರೂ ಇರಬೇಕು.

ಕುಸ್ತಿ, ಜೂಡೊ, ಕಬಡ್ಡಿ ಕಲಿಸುವ ಮನೆಗಳಿಗೆ ಬೇರೆಯಾಗಿಯೇ ಒಂದು ಮಾತು. ಜಾತ್ರೆ ಬಂದರೆ ಕಣ ಹಾಕಿ ಕುಸ್ತಿ ನೋಡುವ ಸೀಮೆ ನಮ್ಮದು, ಉಸ್ತಾದರ ಮೇಲೆ ನಮಗಿರುವ ಭಕ್ತಿಯೂ ದೊಡ್ಡದು. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಕುಸ್ತಿಯಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲ್‌ಗೆ ಬಂದು, ನೂರು ಗ್ರಾಂ ಹೆಚ್ಚಾಯಿತೆಂದು ಅನರ್ಹರಾದದ್ದನ್ನು ಎಲ್ಲರೂ ನೋಡಿದೆವು. ತಜ್ಞರ ಪಡೆಯೇ ಜೊತೆಗಿದ್ದ ಹಿರಿಯ ಕುಸ್ತಿಪಟುವಿನ ಗತಿ ಅದು. ಎಂಟನೇ ತರಗತಿಯ ಹುಡುಗನಿಗೆ ಎರಡು ದಿನ ಉಪವಾಸ ಮಾಡು, ನೀರು ಮುಟ್ಟಬೇಡ, ಒಂದು ವಿಭಾಗ ಕೆಳಗೆ ಆಡಿಸುತ್ತೇನೆ ಎಂದು ಹೇಳುವ ಹಕ್ಕು ಯಾವ ಉಸ್ತಾದರಿಗೂ ಇಲ್ಲ. ಪುಡಿ ಡಬ್ಬಿ ಮಾರುವವರು, ಟ್ರಯಲ್ಸ್‌ಗೆ ಮುಂಚೆ ಇಂಜೆಕ್ಷನ್ ಕೊಡಿಸುವವರ ಬಗ್ಗೆಯೂ ಇದೇ ಮಾತು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ಉದ್ದೀಪನ ಮದ್ದು ತಡೆಯುವ ಸಂಸ್ಥೆ ನಾಡಾದ ಪರೀಕ್ಷಕರು ಬಂದರೆಂದು ಓಟಗಾರರು ಮೈದಾನ ಬಿಟ್ಟು ಓಡಿಹೋದರು, 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ. ನಮ್ಮ ಮಕ್ಕಳಿಗೆ ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ, ಮೊಟ್ಟೆ, ಹಾಲು ಸಾಕು. ಅದಕ್ಕೆ ಮೀರಿದ್ದನ್ನು ಡಾಕ್ಟರು ಹೇಳಬೇಕು, ಕೋಚ್ ಹೇಳಬಾರದು.

ಹೇಳಲು ನಾಲಿಗೆ ತಡವರಿಸಿದರೂ ಹೇಳಲೇಬೇಕಾದದ್ದು ಮಕ್ಕಳ ಮೈ ಮುಟ್ಟುವ ವಿಷಯ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ಗೆ 2018ರಲ್ಲಿ ಶಿಕ್ಷೆಯಾದಾಗ ಹೊರಬಂದ ಸತ್ಯ ಏನೆಂದರೆ, ಎಷ್ಟೋ ಹೆಣ್ಣುಮಕ್ಕಳ ಮೇಲೆ ಅವನು ದೌರ್ಜನ್ಯ ಮಾಡಿದಾಗ ಅವರ ತಾಯಿ ತಂದೆ ಅದೇ ಕೋಣೆಯಲ್ಲಿದ್ದರು. ದೊಡ್ಡ ಹೆಸರಿನ ಮೇಲಿನ ನಂಬಿಕೆ ಅವರ ಕಣ್ಣು ಕಟ್ಟಿತ್ತು. ಗಂಡು ಮಕ್ಕಳಿಗೆ ಈ ಭಯವಿಲ್ಲ ಎಂದು ತಿಳಿಯಬೇಡಿ. 2012ರ ಪೋಕ್ಸೊ ಕಾಯ್ದೆ 18ರೊಳಗಿನ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ವಿಷಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು ಅದರ 19ನೇ ಕಲಮಿನ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098. ಆದರೆ ಕಾಯ್ದೆ ಬರುವುದು ಕೆಟ್ಟದ್ದು ನಡೆದ ಮೇಲೆ. ಅದಕ್ಕೂ ಮುಂಚೆ ನೋಡಬೇಕಾದದ್ದು, ಕೋಚ್ ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರುತ್ತಾರೆಯೇ, ಒಬ್ಬಳನ್ನೇ ಬೈಕಿನಲ್ಲಿ ಕರೆದೊಯ್ಯುತ್ತಾರೆಯೇ, ರಾತ್ರಿ ಮಗುವಿನ ನಂಬರಿಗೆ ಮೆಸೇಜು ಕಳಿಸುತ್ತಾರೆಯೇ, ಪರವೂರಿನ ಟೂರ್ನಿಗೆ ಹೆಣ್ಣುಮಕ್ಕಳ ಜೊತೆ ಮಹಿಳಾ ಶಿಕ್ಷಕಿಯೋ ಒಬ್ಬ ತಾಯಿಯೋ ಹೋಗುತ್ತಾರೆಯೇ ಎಂಬುದನ್ನು. ಒಳ್ಳೆಯ ಕೋಚ್ ಇಂಥ ನಿಯಮಗಳನ್ನು ನಮಗಿಂತ ಮೊದಲು ತಾವೇ ಹೇಳುತ್ತಾರೆ, ಅವು ಅವರ ಮಾನವನ್ನೂ ಕಾಯುತ್ತವೆ. ಮಗು ಒಮ್ಮೆಲೇ “ನಾಳೆಯಿಂದ ಹೋಗಲ್ಲ” ಎಂದರೆ ಸೋಮಾರಿತನ ಎಂದು ಗದರಿಸುವ ಮೊದಲು ಹತ್ತಿರ ಕೂರಿಸಿಕೊಂಡು ಕೇಳಿ.

ಹೊಡೆದರೇ ಕಲಿಯೋದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ, ಶಾಲೆಯ ಮೈದಾನವೂ ಶಾಲೆಯೇ. ನೀವೇ ಕೋಚ್‌ಗೆ “ನಾಲ್ಕು ಬಿಡ್ರಿ ಸರ್, ನಾವೇನೂ ಅನ್ನೋದಿಲ್ಲ” ಎಂದು ಅನುಮತಿ ಕೊಡಬೇಡಿ.

ಹೆಣ್ಣುಮಕ್ಕಳು ನಮ್ಮ ಮೈದಾನಗಳಿಂದ ಎಂಟನೇ ತರಗತಿಯ ನಂತರ ಕಾಣೆಯಾಗುತ್ತಾರೆ. ಅವರನ್ನು ಉಳಿಸಿಕೊಂಡ ಕೋಚ್ ಸಿಕ್ಕರೆ, ಬೇರೆ ಏನೂ ಕೇಳದೆ ಮಗನನ್ನೂ ಅವರ ಹತ್ತಿರವೇ ಸೇರಿಸಿ ಎನ್ನುವಷ್ಟು ಗೌರವ ನನಗಿದೆ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಮುಟ್ಟಿನ ದಿನ ಕಾರಣ ಕೇಳದೆ ಬಿಡುವು, ಕಾಲು ಮುಚ್ಚುವ ಪ್ಯಾಂಟು ಹಾಕಿಕೊಂಡೂ ಆಡಬಹುದೆಂಬ ಮಾತು, ಇಂಥವನ್ನು ಅವರು ಯೋಚಿಸಿರುತ್ತಾರೆ. ತಲೆವಸ್ತ್ರ ಹಾಕಿದರೆ ಆಟವಿಲ್ಲ ಎನ್ನುವವರಿಗೆ, ಫಿಫಾ 2014ರಲ್ಲೇ, ಬಾಸ್ಕೆಟ್‌ಬಾಲ್‌ನ ಫಿಬಾ 2017ರಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟಿವೆ ಎಂದು ತಿಳಿಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಔರಾದಿನ ಹುಡುಗಿ ದುಡ್ಡಿಲ್ಲದೆ ಬೀದರಿನ ಮೈದಾನಕ್ಕೆ ಬರಬಹುದು. ಆದರೆ ತಿರುಗಿ ಹೋಗುವ ಬಸ್ಸಿನ ಹೊತ್ತು ಕೋಚ್‌ಗೆ ಗೊತ್ತಿರಬೇಕು. ಆಟ ಮುಗಿದ ಮೇಲೆ ನೀ ಮನೀಗೆ ಹ್ಯಾಂಗ ಹೋಗ್ತಿ ಎಂದು ಕೇಳುವವರ ಕೈಯಲ್ಲಿ ನಿಮ್ಮ ಮಗಳು ಕ್ಷೇಮ.

ಔರಾದಿನವರು ಇಷ್ಟು ಹೊತ್ತು ಓದಿ, ಇದೆಲ್ಲ ಬೀದರಿನವರ ಮಾತಾಯಿತು, ನಮ್ಮಲ್ಲಿ ಆರಿಸಲು ಎಲ್ಲಿ ಕೋಚ್‌ಗಳಿದ್ದಾರೆ ಎನ್ನಬಹುದು. ನಿಜ. ರಾಜ್ಯದ ಉತ್ತರದ ತುದಿಯ ನಮ್ಮ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ, ಭಾಲ್ಕಿಯ ಹೊರಗಿನ ಊರುಗಳಲ್ಲಿ ಕೋಚ್ ಎಂದರೆ ಸರ್ಕಾರಿ ಶಾಲೆಯ ಪಿ.ಟಿ. ಮಾಸ್ತರರೇ, ಅವರೂ ಇದ್ದರೆ. ಪ್ರಾರ್ಥನೆ ಮಾಡಿಸುವುದು, ರಜೆಯಲ್ಲಿರುವ ಶಿಕ್ಷಕರ ತರಗತಿ ಸಂಭಾಳಿಸುವುದು, ರಾಷ್ಟ್ರೀಯ ಹಬ್ಬದ ಕವಾಯತು, ಚುನಾವಣೆ ಕೆಲಸ ಎಲ್ಲವೂ ಅವರದೇ. ಅಷ್ಟರ ನಡುವೆ ಸಂಜೆ ಒಂದು ಗಂಟೆ ನಿಂತು ಖೊಖೊ ಆಡಿಸುವ ಮಾಸ್ತರರಿದ್ದರೆ ಅವರು ನಿಮ್ಮೂರಿನ ಆಸ್ತಿ. ಅಲ್ಲಿ ನೀವು ಮಾಡಬೇಕಾದ ಕೆಲಸ ಕೋಚ್‌ನನ್ನು ಆರಿಸುವುದಲ್ಲ, ಇದ್ದವರಿಗೆ ಬೆನ್ನಾಗುವುದು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೊಠಡಿಯ ಬಣ್ಣದ ಜೊತೆ ಮೈದಾನದ ವಿಷಯವನ್ನೂ ಎತ್ತಿ. ಉದ್ಯೋಗ ಖಾತರಿಯಲ್ಲಿ ರಾಜ್ಯದ ಎಷ್ಟೋ ಪಂಚಾಯಿತಿಗಳು ಶಾಲಾ ಮೈದಾನ ಮಾಡಿಸಿವೆ, ನಿಮ್ಮ ಪಂಚಾಯಿತಿಯನ್ನೂ ಕೇಳಿ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಕಾಲು ಕಚ್ಚುತ್ತದೆ, ಎರಡು ಟ್ರ್ಯಾಕ್ಟರ್ ಮೊರಂ ಹಾಕಿಸಿದರೆ ಕಬಡ್ಡಿ ಅಂಗಳ ನಾಲ್ಕು ತಿಂಗಳು ಹೆಚ್ಚು ಬಳಕೆಗೆ ಬರುತ್ತದೆ. ಮಕ್ಕಳಲ್ಲಿ ಮರಾಠಿ, ಲಂಬಾಣಿ, ಉರ್ದು ಆಡುವವರಿದ್ದರೆ ಅವರವರ ಮಾತಿನಲ್ಲೇ ಎರಡು ಶಬ್ದ ಹೇಳಿ ಹುರಿದುಂಬಿಸುವ ಮಾಸ್ತರರನ್ನು ನಾನು ಕಂಡಿದ್ದೇನೆ. ಅವರ ವರ್ಗಾವಣೆ ಬಂದಾಗ ಊರವರು ಹಾರ ಹಾಕಿ ಕಳಿಸುತ್ತಾರೆ, ಹೊಸಬರು ಬರಲಿ ಎಂದು ಅರ್ಜಿ ಹಾಕುವುದನ್ನು ಮರೆಯುತ್ತಾರೆ. ಅರ್ಜಿ ಹಾಕಿ. ನಿಜವಾಗಿ ಚುರುಕಿರುವ ಮಗುವಿಗೆ ಇಲಾಖೆಯ ಕ್ರೀಡಾ ವಸತಿ ನಿಲಯಗಳ ಆಯ್ಕೆ ಇದೆ, ಬೆಂಗಳೂರಿನ ವಿದ್ಯಾನಗರದ ಕ್ರೀಡಾ ಶಾಲೆ ಇದೆ. ಆಯ್ಕೆಯ ಪ್ರಕಟಣೆ ಯಾವಾಗ ಎಂದು ಆ ಮಾಸ್ತರರನ್ನೇ ಕೇಳಿ.

ನಮ್ಮ ಕಡೆಯ ತಪ್ಪೂ ಉಂಟು. ಫೀಸು ಮೂರು ತಿಂಗಳು ಬಾಕಿ ಇಟ್ಟು, ನನ್ನ ಮಗನನ್ನೇ ಓಪನಿಂಗ್ ಕಳಿಸಿ ಎಂದು ಶಿಫಾರಸು ತರುವ ಪಾಲಕರಿದ್ದಾರೆ. ಬೌಂಡರಿ ಗೆರೆಯಲ್ಲಿ ನಿಂತು ಕೋಚ್ ಹೇಳಿದ್ದಕ್ಕೆ ವಿರುದ್ಧವಾಗಿ ಕೂಗುವವರಿದ್ದಾರೆ. ಎಲ್ಲ ಮಕ್ಕಳಿಗೂ ಸರತಿ ಕೊಡುವ ಕೋಚ್ ಸಿಕ್ಕಾಗ, ಇವರ ಕೈಯಲ್ಲಿ ಕಪ್ ಬರೋದಿಲ್ಲ ಎಂದು ಮಗುವನ್ನು ಬೇರೆಡೆ ಒಯ್ಯುವವರೂ ನಾವೇ. ಹಾಗೆ ನಾಲ್ಕು ಮನೆಯವರು ಹೋದರೆ ಆ ಕೋಚ್ ಮುಂದಿನ ವರ್ಷದಿಂದ ಕಪ್‌ಗಾಗಿಯೇ ಆಡಿಸಲು ಶುರುಮಾಡುತ್ತಾರೆ.

ಕೊನೆಯ ಮಾತು, ಮಕ್ಕಳನ್ನು ಈಗಾಗಲೇ ಯಾವುದೋ ಶಿಬಿರದಿಂದ ಬಿಡಿಸಿಕೊಂಡಿರುವ ಪಾಲಕರಿಗೆ. ಬಿಟ್ಟವರು ಯಾಕೆ ಬಿಟ್ಟರು ಎಂದು ಕೇಳಿ ಎಂದು ಊರಿಗೆಲ್ಲ ಹೇಳಿದ್ದೇನೆ, ಅದರ ಉತ್ತರ ಇರುವುದು ನಿಮ್ಮ ಹತ್ತಿರ. ನಾಳೆ ಪಕ್ಕದ ಮನೆಯವರು ಬಂದು ವಿಚಾರಿಸಿದಾಗ, ಮಾನಕ್ಕಂಜಿ, ದಾಕ್ಷಿಣ್ಯಕ್ಕೆ ಬಿದ್ದು “ಓದಿಗೆ ತೊಂದರೆ ಆಗ್ತಿತ್ತು” ಎಂದುಬಿಡಬೇಡಿ. ಹೊಡೆಯುತ್ತಿದ್ದರೆ ಹೊಡೆಯುತ್ತಿದ್ದರು ಎನ್ನಿ, ಹಣ ಕೇಳುತ್ತಿದ್ದರೆ ಕೇಳುತ್ತಿದ್ದರು ಎನ್ನಿ. ಕೋಚ್ ಒಳ್ಳೆಯವರೇ, ನಾವೇ ಬಿಡಿಸಿದೆವು ಎಂಬುದು ನಿಜವಾದರೆ ಅದನ್ನೂ ಬಾಯಿಬಿಟ್ಟು ಹೇಳಿ. ನಿಮ್ಮ ಒಂದು ನಿಜದ ಮೇಲೆ ಇನ್ನೊಂದು ಮನೆಯವರು ತಮ್ಮ ಮಗುವನ್ನು ಒಪ್ಪಿಸುತ್ತಾರೆ.

ಇಂತಿ ನಿಮ್ಮವ,
ಬೀದರಿನ ಒಬ್ಬ ಪಾಲಕ